ರಾಮೇಶ್ವರಕ್ಕೆ ಬಾರದಿದ್ದ ಅಕ್ಕ

ದೆವ್ವ, ಶಕುನ, ಕನಸಿನ ಸೂಚನೆ ಇವುಗಳನ್ನು ನಾನು ಎಂದೂ ನಂಬಿದವನಲ್ಲ. ಶಿವಮೊಗ್ಗದ ವಿನೋಬನಗರದ ಪಾರ್ಕಿನಲ್ಲಿ ಬೆಳಗಿನ ವಾಕಿಂಗ್ ಮುಗಿಸಿ ಬೆಂಚಿನ ಮೇಲೆ ಕೂತಾಗ ಯಾರಾದರೂ ಅಂಥ ಕಥೆ ತೆಗೆದರೆ, "ಯಾವ ಇಸವಿ? ಏನು ವಾರ?" ಎಂದು ಕೇಳುತ್ತಿದ್ದೆ. ದೆವ್ವದ ಕಥೆಗೆ ತಾರೀಖು ಇರುವುದಿಲ್ಲ. ಹೇಳುವವರು ತಡವರಿಸುತ್ತಿದ್ದರು, ಉಳಿದವರು ನಗುತ್ತಿದ್ದರು. "ನೀನೊಬ್ಬ ಪಂಚಾಂಗ ಮಾರಾಯ, ದೆವ್ವಕ್ಕೂ ಬರ್ತ್ ಸರ್ಟಿಫಿಕೇಟ್ ಕೇಳ್ತೀಯ" ಎಂದು ಗೆಳೆಯ ಶಿವಣ್ಣ ಬೈಯುತ್ತಿದ್ದ. ಈಗ ನಾನೇ ಅಂಥದೊಂದನ್ನು ಹೇಳಲು ಕೂತಿದ್ದೇನೆ. ಹೇಳಿದರೆ ಹಗುರಾದೀತು ಎಂಬ ಆಸೆಯೇನೂ ಇಲ್ಲ. ಹೊತ್ತು ಹೊತ್ತು ಸಾಕಾಗಿದೆ, ಅಷ್ಟೆ.

ಪಂಚಾಂಗ ಎಂಬ ಅಡ್ಡಹೆಸರು ಸುಮ್ಮನೆ ಬಂದದ್ದಲ್ಲ. ನಮ್ಮ ವಾಕಿಂಗ್ ಬಳಗದ ವಾಟ್ಸಾಪ್ ಗುಂಪಿಗೆ ದಿನಾ ಬೆಳಿಗ್ಗೆ ನಾನೊಂದು ಸಂದೇಶ ಹಾಕುತ್ತಿದ್ದೆ. ಈ ದಿನ ಚರಿತ್ರೆಯಲ್ಲಿ ಏನಾಯಿತು, ಇವತ್ತಿನ ಹಬ್ಬ ಯಾವುದು, ಬಳಗದಲ್ಲಿ ಯಾರ ಹುಟ್ಟುಹಬ್ಬ, ಕೊನೆಗೆ ನಾನು ಹೋಗಿಬಂದ ಯಾವುದಾದರೂ ಊರಿನ ನೆನಪು. ಹುಟ್ಟುಹಬ್ಬದ್ದೇ ತಮಾಷೆ. ಜೂನ್ ಒಂದನೇ ತಾರೀಖು ಬಂದರೆ ಅರ್ಧ ಬಳಗಕ್ಕೆ ಶುಭಾಶಯ ಹೇಳಬೇಕು. ನಮ್ಮ ಕಾಲದಲ್ಲಿ ಮಗುವನ್ನು ಸ್ಕೂಲಿಗೆ ಸೇರಿಸುವಾಗ ಅಪ್ಪನಿಗೆ ತಾರೀಖು ಗೊತ್ತಿಲ್ಲದಿದ್ದರೆ ಮೇಷ್ಟ್ರು ಬರೆದುಕೊಳ್ಳುತ್ತಿದ್ದದ್ದು ಅದೊಂದೇ. ನಾನೂ ಜೂನ್ ಒಂದರವನೇ.

ಎಸ್ಸೆಸ್ಸೆಲ್ಸಿ ಮುಗಿಸಿದ ಮೇಲೆ ಅಲ್ಲಿ ಇಲ್ಲಿ ದುಡಿದು, ಕೊನೆಗೆ ಒಂದು ಯಾತ್ರೆ ಬಸ್ಸಿನ ಕಂಪನಿ ಸೇರಿದೆ. ಹೆಸರಿಗೆ ಮ್ಯಾನೇಜರ್. ಸೀಟು ಹಂಚುವುದು, ಛತ್ರ ಹುಡುಕುವುದು, ಅಡುಗೆಯವರಿಗೆ ತರಕಾರಿ ತಂದುಕೊಡುವುದು, ತಪ್ಪಿಸಿಕೊಂಡ ಮುದುಕರನ್ನು ಹುಡುಕಿ ಬಸ್ಸು ಹತ್ತಿಸುವುದು ನನ್ನ ಕೆಲಸ. ಡ್ರೈವರ್ ಹಿಂದಿನ ಎರಡು ಸೀಟು ನನ್ನವು. ಕಿಟಕಿ ಪಕ್ಕದ್ದನ್ನು ನಮ್ಮ ಮನೆಯವರಿಗೆಂದು ಬಿಟ್ಟಿದ್ದರು.

ನನ್ನನ್ನು ಸಾಕಿದವಳು ಅಕ್ಕ. ಅಮ್ಮ ತೀರಿಕೊಂಡಾಗ ನಾನಿನ್ನೂ ಅಂಬೆಗಾಲಿಡುತ್ತಿದ್ದೆನಂತೆ. ಎಲ್ಲ ಮಕ್ಕಳೂ ಬಿದ್ದಾಗ "ಅಮ್ಮಾ" ಎಂದರೆ ನಾನು "ಅಕ್ಕಾ" ಎನ್ನುತ್ತಿದ್ದೆ. ಆ ಅಭ್ಯಾಸ ಮುದುಕನಾದರೂ ಹೋಗಲಿಲ್ಲ. ಅವಳನ್ನು ಭದ್ರಾವತಿಯ ಓಲ್ಡ್ ಟೌನಿಗೆ ಕೊಟ್ಟಿದ್ದರು. ಅವಳು ಸ್ಕೂಲಿನ ಮುಖ ಕಂಡವಳಲ್ಲ, ಹಾಗಾಗಿ ಜೂನ್ ಒಂದೂ ಇಲ್ಲ. ಆಧಾರ್ ಕಾರ್ಡಿಗೆ ಯಾರೋ ಜನವರಿ ಒಂದು ಎಂದು ಬರೆಸಿದ್ದಾರೆ. ಆದರೆ ಅವಳು ಹುಟ್ಟಿದ್ದು ಭೀಮನ ಅಮಾವಾಸ್ಯೆಯ ದಿನ. ಅದು ನಮ್ಮಿಬ್ಬರಿಗೂ ಗೊತ್ತಿತ್ತು.

ಭೀಮನ ಅಮಾವಾಸ್ಯೆಗೆ ನಮ್ಮ ಕಡೆ ಭಂಡಾರ ಒಡೆಯುವ ಪದ್ಧತಿಯಿದೆ. ಪೂಜೆ ಮುಗಿಸಿ, ಕೈಗೆ ಅರಿಶಿನದ ದಾರ ಕಟ್ಟಿಕೊಂಡ ಅಕ್ಕ, ಒಳಗೆ ನಾಣ್ಯವಿಟ್ಟ ಕಡುಬನ್ನು ಹೊಸಿಲ ಮೇಲೆ ಇಡುತ್ತಾಳೆ. ತಮ್ಮನಾದವನು ಅದನ್ನು ಮೊಣಕೈಯಿಂದ ಒಡೆಯಬೇಕು. ಒಡೆಯುವಾಗ ಬೆನ್ನಿಗೆ ಅಕ್ಕನ ಗುದ್ದು. ಅದು ಆಶೀರ್ವಾದ. ಅವಳ ಮದುವೆಯಾದ ಮೇಲೂ ಪ್ರತಿ ವರ್ಷ ನಾನು ಭದ್ರಾವತಿಗೆ ಹೋಗಿ ಒಡೆದುಬರುತ್ತಿದ್ದೆ.

ಒಂದು ವರ್ಷ ಕಂಪನಿಯ ಬಸ್ಸು ಅದೇ ಅಮಾವಾಸ್ಯೆಗೆ ರಾಮೇಶ್ವರಕ್ಕೆ ಹೊರಟಿತು. ತಮಿಳರಿಗೆ ಅದು ಆಡಿ ಅಮಾವಾಸ್ಯೆ, ದೊಡ್ಡ ಸ್ನಾನದ ದಿನ. ಅಕ್ಕ ಜನ್ಮದಲ್ಲಿ ನನ್ನನ್ನು ಏನನ್ನೂ ಕೇಳಿದವಳಲ್ಲ. ಆಗ ಮಾತ್ರ, "ತಮ್ಮಯ್ಯ, ನಾನೂ ಬರ್ತೀನಿ ಕಣೋ. ಭಂಡಾರ ಅಲ್ಲೇ ಒಡಿಯೋಣ" ಎಂದಳು. ನಾನು, "ಸೀಟಿಲ್ಲ ಅಕ್ಕ, ಬಸ್ಸು ಫುಲ್ಲು" ಎಂದೆ.

ಸೀಟಿತ್ತು. ಅಕ್ಕನಿಗೆ ಬಸ್ಸಿನಲ್ಲಿ ವಾಂತಿಯಾಗುತ್ತದೆ. ಶಿವಮೊಗ್ಗಕ್ಕೆ ಬರುವಷ್ಟರಲ್ಲೇ ಕಿಟಕಿಗೆ ತಲೆ ಕೊಡುವವಳು. ದಾರಿಯುದ್ದಕ್ಕೂ ನಿಂಬೆಹಣ್ಣು ಹಿಡಿದುಕೊಂಡು ಅವಳ ಹಣೆ ಒತ್ತುತ್ತಾ, ಯಾತ್ರಿಕರ ಮುಂದೆ ನಾಚಿಕೊಳ್ಳುತ್ತಾ ಹೋಗುವುದು ನನಗೆ ಬೇಡವಾಗಿತ್ತು. ಕಾರಣ ಅಷ್ಟೇ. ದೊಡ್ಡ ಕಾರಣವಿದ್ದಿದ್ದರೆ ಇಷ್ಟು ನಾಚಿಕೆಯಾಗುತ್ತಿರಲಿಲ್ಲ. ಕಿಟಕಿ ಪಕ್ಕದ ಸೀಟಿನ ಮೇಲೆ ನನ್ನ ಚೀಲ ಇಟ್ಟುಕೊಂಡು ರಾಮೇಶ್ವರಕ್ಕೆ ಹೋದೆ.

ಅಲ್ಲಿ ಸಮುದ್ರಸ್ನಾನ ಮುಗಿಸಿ, ಒದ್ದೆ ಬಟ್ಟೆಯಲ್ಲೇ ದೇವಸ್ಥಾನದೊಳಗೆ ಬಾವಿಯಿಂದ ಬಾವಿಗೆ ಹೋಗಬೇಕು. ಬಾವಿಕಟ್ಟೆಯ ಮೇಲೆ ನಿಂತವರು ಬಕೆಟ್ಟಿನಲ್ಲಿ ನೀರು ಸೇದಿ ತಲೆಗೆ ಸುರಿಯುತ್ತಾರೆ. ಜನ ಜಾತ್ರೆಯ ಹಾಗೆ. ನಮ್ಮವರು ಮುಂದೆ ಹೋಗಿದ್ದರು. ತಿರುವಿನಲ್ಲಿ ಪಾಚಿ ಕಟ್ಟಿದ ಕಲ್ಲಿನ ಮೇಲೆ ಕಾಲಿಟ್ಟೆ, ಜಾರಿತು. ಕಲ್ಲಿನ ಮೆಟ್ಟಿಲಿಗೆ ತಲೆ ಬಡಿಯುವುದಿತ್ತು. "ಅಕ್ಕಾ!" ಎಂದು ಕೂಗಿದ್ದು ನೆನಪಿದೆ. ಹಿಂದಿನಿಂದ ಯಾರೋ ನನ್ನ ಬಲ ಮೊಣಕೈ ಹಿಡಿದು ನಿಲ್ಲಿಸಿದರು. ಗಟ್ಟಿ ಹಿಡಿತ. ತಿರುಗಿ ನೋಡಿದರೆ ಗುರುತಿನ ಮುಖ ಒಂದೂ ಇಲ್ಲ. ಮೊಣಕೈ ಮೇಲೆ ಅರಿಶಿನದ ಬೆರಳಚ್ಚು ಹಳದಿಯಾಗಿ ಕಂಡಿತು. ಅರಿಶಿನದ ಕೈಯ ಹೆಂಗಸರು ಅಲ್ಲಿ ನೂರಾರು. ಯಾರೋ ಪುಣ್ಯಾತ್ಗಿತ್ತಿ ಎಂದುಕೊಂಡು ಮುಂದಿನ ಬಾವಿಗೆ ಹೋದೆ. ನೀರು ಸುರಿದರು, ಬಣ್ಣ ತೊಳೆದುಹೋಯಿತು. ಇದನ್ನು ನಾನು ಯಾರಿಗೂ ಹೇಳಲಿಲ್ಲ. ಹೇಳುವಂಥದ್ದೇನಿತ್ತು?

ವರ್ಷಗಳು ಕಳೆದವು. ಅಕ್ಕ ಆ ಮಾತು ಮತ್ತೆ ಎತ್ತಲಿಲ್ಲ. ನಾನು ಮಾತ್ರ ಭಂಡಾರಕ್ಕೆ ಹೋಗುವುದನ್ನು ಬಿಟ್ಟೆ. ಒಮ್ಮೆ ತಪ್ಪಿತು, ಆಮೇಲೆ ಮುಖ ತೋರಿಸಲು ಸಂಕೋಚ, ಆಮೇಲೆ ಅದೇ ರೂಢಿ. ಅಕ್ಕನಿಗೆ ನಡೆಯಲು ಆಗದಂತಾಯಿತು. ನಾಲ್ಕು ವರ್ಷದ ಹಿಂದೆ, ಭೀಮನ ಅಮಾವಾಸ್ಯೆಯ ಬೆಳಿಗ್ಗೆ ಎಂದಿನಂತೆ ಸಂದೇಶ ಬರೆಯುತ್ತಿದ್ದೆ. ಹಿಂದಿನ ದಿನ ಪಾರ್ಕಿನಲ್ಲಿ ಎಲ್ಲರೂ ತಂದೆತಾಯಿಗೆ ಕಾಶಿ ತೋರಿಸಿದ್ದು, ಅತ್ತೆಗೆ ತಿರುಪತಿ ತೋರಿಸಿದ್ದು ಹೇಳಿಕೊಂಡಿದ್ದರು. ಯಾಕೋ ಬೆರಳು ತಾನಾಗಿ ಓಡಿತು. "ಇದೇ ಹಬ್ಬದ ದಿನ ನಮ್ಮಕ್ಕನನ್ನು ರಾಮೇಶ್ವರಕ್ಕೆ ಕರೆದುಕೊಂಡು ಹೋಗಿದ್ದೆ. ಅಕ್ಕ ತಮ್ಮ ಜೊತೆಯಾಗಿ ಎಲ್ಲ ಬಾವಿಯಲ್ಲೂ ಸ್ನಾನ ಮಾಡಿದೆವು" ಎಂದು ಬರೆದು ಕಳಿಸಿಬಿಟ್ಟೆ. ಕೈಮುಗಿದ ಚಿತ್ರಗಳು ಸಾಲಾಗಿ ಬಂದವು. "ಪುಣ್ಯವಂತ ಕಣಯ್ಯ ನೀನು" ಎಂದು ಶಿವಣ್ಣ ಬರೆದ.

ಅದೇ ಸಂದೇಶವನ್ನು ದಿನಾ ಅಭ್ಯಾಸಬಲದಿಂದ ಅಕ್ಕನ ಸೊಸೆ ಸವಿತಾಳ ಫೋನಿಗೂ ಕಳಿಸುತ್ತಿದ್ದೆ. ಅವಳು ಅತ್ತೆಗೆ ಓದಿ ಹೇಳುತ್ತಿದ್ದಳು. ಆ ಗಳಿಗೆಯಲ್ಲಿ ಅದನ್ನು ಮರೆತುಬಿಟ್ಟಿದ್ದೆ. ತಿಂಡಿ ತಿನ್ನುವ ಹೊತ್ತಿಗೆ ಸವಿತಾಳ ಫೋನ್ ಬಂತು. "ಮಾವ, ನೀವು ಈಗ್ಲೇ ಬರಬೇಕು ಅಂತಿದ್ದಾರೆ ಅತ್ತೆ."

ಭದ್ರಾವತಿ ಬಸ್ಸಿನಲ್ಲಿ ಕೂತವನಿಗೆ ನೇಣಿಗೆ ಹೋಗುವವನ ಹಾಗೆ ಅನಿಸುತ್ತಿತ್ತು. ಸೊಸೆಯ ಮುಂದೆ ಸುಳ್ಳುಗಾರನಾಗುವ ಭಯ ಒಂದು. ಅದಕ್ಕಿಂತ ಹೆಚ್ಚಾಗಿ, ಇಷ್ಟು ವರ್ಷವಾದ ಮೇಲೆ ಅಕ್ಕನ ಬಾಯಿಂದ "ನೀನು ನನ್ನ ತಮ್ಮನೇ ಅಲ್ಲ" ಎಂಬ ಮಾತು ಬಂದರೆ ಏನು ಮಾಡಲಿ?

ಅಕ್ಕ ಬಾಗಿಲ ಹತ್ತಿರ ಕುರ್ಚಿಯಲ್ಲಿ ಕೂತಿದ್ದಳು. ಹೊಸಿಲ ಮೇಲೆ ಕಡುಬು ಇತ್ತು.

"ಬಂದ್ಯಾ ಪಂಚಾಂಗದಯ್ಯ? ಊರಿನವರ ಹುಟ್ಟಿದ ದಿನ ಎಲ್ಲಾ ಬರೀತೀಯಂತೆ. ನಂದು ಯಾವತ್ತೋ ಬರಿಯೋದು, ನಾನು ಸತ್ಮೇಲಾ?" ಎಂದಳು. "ಕೂತ್ಕೊ. ಮೊದಲು ಒಡಿ."

ಕಷ್ಟಪಟ್ಟು ಮಂಡಿಯೂರಿ ಮೊಣಕೈಯಿಂದ ಒಡೆದೆ. ಬೆನ್ನಿಗೆ ಗುದ್ದು ಬಿತ್ತು. ಹಿಂದೆಯೇ ಇನ್ನೊಂದು, ಜೋರಾಗಿ. "ಇದು ಆ ವರ್ಷದ ಬಾಕಿ" ಎಂದಳು.

ಇನ್ನು ತಡೆಯಲಾಗಲಿಲ್ಲ. ಸವಿತಾ ಎದುರಿಗೆ ನಿಂತಿದ್ದರೂ ಹೇಳಿಬಿಟ್ಟೆ. "ಅಕ್ಕ, ನಾನು ಬರೆದಿದ್ದು ಸುಳ್ಳು. ನೀನು ಬಂದಿರಲಿಲ್ಲ. ಸೀಟಿತ್ತು. ನಾನೇ ಇಲ್ಲ ಅಂದೆ."

"ಸೀಟಿತ್ತು ಅಂತ ನಂಗೊತ್ತಿಲ್ವೇನೋ? ಕಿಟಕಿ ಪಕ್ಕದ್ದು. ನಿನ್ ಚೀಲ ದಾರಿಯುದ್ದಕ್ಕೂ ನನ್ ತೊಡೆ ಮೇಲೇ ಇತ್ತಲ್ಲ, ಏನ್ ಭಾರ ಮಾರಾಯ ಅದು!" ಎಂದು ನಕ್ಕಳು. "ಅಷ್ಟು ದೂರ ಹೋದ್ರೂ ಒಂದ್ಸಲಾನೂ ವಾಂತಿ ಬರಲಿಲ್ಲ ನೋಡು ನಂಗೆ."

ಕುಹಕವೆಂದುಕೊಂಡೆ. ನನಗೆ ಸಲ್ಲಬೇಕಾದ ಕುಹಕವೇ. ಆದರೆ ಅವಳು ಬಗ್ಗಿ ನನ್ನ ಬಲ ಮೊಣಕೈ ಹಿಡಿದುಕೊಂಡಳು. ಮುದುಕಿಯ ಕೈಯಲ್ಲಿ ಅಷ್ಟು ಬಲ ಎಲ್ಲಿಂದ ಬಂತೋ. ಆ ಹಿಡಿತ ನನಗೆ ಗುರುತಿತ್ತು. "ಪಾಚಿ ಕಲ್ಲಿನ ಮೇಲೆ ನೋಡ್ಕೊಂಡು ಕಾಲಿಡ್ಬಾರ್ದಾ? ನಾನು ಹಿಡೀದೇ ಇದ್ದಿದ್ರೆ ಏನಾಗ್ತಿತ್ತು ನಿನ್ ಗತಿ?" ಎಂದಳು. ಕೈ ಬಿಟ್ಟಾಗ ಮೊಣಕೈ ಮೇಲೆ ಅರಿಶಿನ ಹಳದಿಯಾಗಿತ್ತು.

ಆಮೇಲೆ ಊಟವಾಯಿತು. ಅಕ್ಕ ಕಡುಬು ಗಟ್ಟಿಯಾಗಿದೆ ಎಂದು ಸೊಸೆಯನ್ನು ರೇಗಿಸಿದಳು, ನಿದ್ದೆ ಹೋದಳು. ಹೊರಡುವಾಗ ಸವಿತಾ ಗೇಟಿನವರೆಗೆ ಬಂದಳು. "ಮಾವ, ನೀವು ರಾಮೇಶ್ವರಕ್ಕೆ ಹೋದಾಗ ನಾನು ಈ ಮನೆಗೆ ಬಂದು ಎರಡನೇ ವರ್ಷ. ಅವತ್ತು ಅತ್ತೆ ಬೆಳಿಗ್ಗೆಯಿಂದ ಭಂಡಾರದ ಮುಂದೆ ಸುಮ್ನೆ ಕೂತಿದ್ರು. ಇದ್ದಕ್ಕಿದ್ದಂಗೆ 'ಬಂದೆ ಕಣೋ' ಅಂತ ಎದ್ದು ನಿಂತ್ರು. ಯಾರೂ ಕರೆದಿರಲಿಲ್ಲ ಮಾವ. ನಂಗೆ ಹೆದರಿಕೆಯಾಗಿತ್ತು."

ಅಕ್ಕ ಮರುವರ್ಷ ತೀರಿಕೊಂಡಳು. ಹೇಗೆ ಗೊತ್ತಾಯಿತೆಂದು ಅವಳನ್ನು ಕೇಳಲು ನನಗೆ ಧೈರ್ಯ ಬಂದಿರಲಿಲ್ಲ. ಬಾವಿಗಳ ಹತ್ತಿರ ಎಲ್ಲರೂ ಜಾರುತ್ತಾರೆ, ಯಾರೋ ಹೋಗಿಬಂದವರು ಹೇಳಿರಬಹುದು ಎಂದು ಸಮಾಧಾನ ಹೇಳಿಕೊಳ್ಳುತ್ತೇನೆ. ಚೀಲದ ವಿಷಯ ಯಾರು ಹೇಳಿದರು? ಸವಿತಾಳ ನೆನಪು ಎಷ್ಟು ಸರಿ? ಗೊತ್ತಿಲ್ಲ. ಗುಂಪಿನಲ್ಲಿ ತಪ್ಪೊಪ್ಪಿಗೆ ಹಾಕಬೇಕೆಂದು ಎಷ್ಟೋ ಸಲ ಫೋನ್ ಹಿಡಿದಿದ್ದೇನೆ. "ಅಕ್ಕ ಬಂದಿರಲಿಲ್ಲ" ಎಂದು ಬರೆದ ಕೂಡಲೇ ಅದೇ ಸುಳ್ಳೆನಿಸಿ ಅಳಿಸಿಬಿಡುತ್ತೇನೆ. ಅಕ್ಕ ಹೋದ ಮೇಲೆ ಬೆಳಗಿನ ಸಂದೇಶವನ್ನೂ ನಿಲ್ಲಿಸಿದ್ದೇನೆ.

ಅವತ್ತು ಭದ್ರಾವತಿಯಿಂದ ವಾಪಸ್ಸು ಬರುವಾಗ ಬಸ್ಸಿನಲ್ಲಿ ನಾನು ಕಿಟಕಿ ಬಿಟ್ಟು ಈಚೆಗೆ ಕೂತಿದ್ದೆ. ಯಾಕೆ ಹಾಗೆ ಕೂತೆನೋ ತಿಳಿಯದು. ಫ್ಯಾಕ್ಟರಿಯ ಹತ್ತಿರ ಹತ್ತಿದವನೊಬ್ಬ ಕಿಟಕಿಯ ಸೀಟು ತೋರಿಸಿ, "ಯಾರಾದ್ರೂ ಇದಾರಾ ಯಜಮಾನ್ರೇ?" ಎಂದು ಕೇಳಿದ.

ಇಲ್ಲ ಎನ್ನಲು ಬಾಯಿ ತೆರೆದೆ. ಆ ಮಾತು ಹೊರಡಲೇ ಇಲ್ಲ. ಅವನು ನನ್ನ ಮುಖ ನೋಡಿ ಮುಂದಕ್ಕೆ ಹೋದ. ನಾನು ಚೀಲವನ್ನು ನನ್ನ ತೊಡೆಯ ಮೇಲೆಯೇ ಇಟ್ಟುಕೊಂಡು ಶಿವಮೊಗ್ಗದವರೆಗೂ ಬಂದೆ.