ಮೇಷ್ಟ್ರು ತಿದ್ದಿದ ಸಂದೇಶ

ಮೂವತ್ನಾಲ್ಕು ವರ್ಷ ಅಚ್ಚುಕೂಟದಲ್ಲಿ ಪ್ರೂಫ್ ನೋಡಿದವರು ಅವರು. ಪಾಠ ಹೇಳಿದವರಲ್ಲದಿದ್ದರೂ ತಪ್ಪು ಹಿಡಿಯುವ ಚಾಳಿಗೆ ಎಲ್ಲರ ಬಾಯಲ್ಲೂ ಮೇಷ್ಟ್ರು ಆಗಿದ್ದರು. ನಿವೃತ್ತಿಯಾದ ಮೇಲೂ ಕೈ ಸುಮ್ಮನಿರಲಿಲ್ಲ. ಹಳೆಯ ಸಹೋದ್ಯೋಗಿಗಳ ವಾಟ್ಸಾಪ್ ಗುಂಪಿಗೆ ಬೆಳಗಾದರೆ ಸಾಕು, ಮಂಡಿನೋವಿಗೆ ಮದ್ದು, ಸಕ್ಕರೆ ಕಾಯಿಲೆಗೆ ಸೊಪ್ಪಿನ ರಸ ಎಂದು ಸಂದೇಶಗಳು ಬಂದು ಬೀಳುತ್ತಿದ್ದವು. ಅವುಗಳ ಕಾಗುಣಿತ ನೋಡಿದರೆ ಮೇಷ್ಟ್ರಿಗೆ ಮೈಯೆಲ್ಲ ಉರಿ. ಕೂತು ಒಂದೊಂದನ್ನೂ ತಿದ್ದಿ ಮತ್ತೆ ಗುಂಪಿಗೇ ಹಾಕುವರು. ಎಲ್ಲರೂ ಕೈಮುಗಿದ ಚಿತ್ರ ಕಳಿಸಿದರೆ ಒಳಗೊಳಗೇ ಖುಷಿ. ವಿಷಯ ನಿಜವೋ ಸುಳ್ಳೋ ಎಂಬ ಗೊಡವೆಗೆ ಅವರು ಹೋದವರಲ್ಲ. ಅಚ್ಚುಕೂಟದಲ್ಲೂ ಅದು ಬರೆದವರ ತಲೆನೋವಾಗಿತ್ತು.

ಬಿಪಿ ಮಾತ್ರೆ ಮೂತ್ರಪಿಂಡ ತಿನ್ನುತ್ತದೆ, ನಲವತ್ತು ದಿನ ಅದನ್ನು ಬಿಟ್ಟು ಬೆಳ್ಳುಳ್ಳಿ ನೀರು ಕುಡಿಯಿರಿ ಎಂಬ ಸಂದೇಶ ಬಂದಾಗಲೂ ಅಷ್ಟೇ. 'ಮುತ್ರಪಿಂಡ' ಎಂದಿದ್ದುದಕ್ಕೆ ದೀರ್ಘ ಕೊಟ್ಟು ಕಳಿಸಿದರು.

ಹದಿನೆಂಟನೇ ದಿನ ಬೈಂಡರ್ ಕುಸಿದುಬಿದ್ದರು. ಪುಸ್ತಕ ಹೊಲಿಯುತ್ತಿದ್ದ, ಮೇಷ್ಟ್ರ ಜೊತೆ ಇಷ್ಟು ವರ್ಷ ಬುತ್ತಿ ಹಂಚಿಕೊಂಡು ಉಂಡಿದ್ದ ಗೆಳೆಯ. ಬಲಗೈ, ಬಲಗಾಲು ಹೋದವು. ಮಾತೂ ನಿಂತಿತು.

ಆಸ್ಪತ್ರೆಯ ಕಾರಿಡಾರಿನಲ್ಲಿ ಕೂತಿದ್ದ ಬೈಂಡರ್ ಹೆಂಡತಿಯ ಪಕ್ಕ ಮೇಷ್ಟ್ರು ಬಂದು ಕೂತರು.

"ಮಾತ್ರೆ ತಗೊಳ್ತಿರ್ಲಿಲ್ವಾ ತಂಗಿ?"

"ಬಿಟ್ಬಿಟ್ಟಿದ್ರು ಅಣ್ಣಾ. ಫೋನಲ್ಲಿ ಬಂದಿದ್ದೆಲ್ಲ ನಂಬಬೇಡಿ ಅಂತ ಬಡ್ಕೊಂಡೆ. ಇದು ಮೇಷ್ಟ್ರು ನೋಡಿರೋದು ಕಣೇ, ಅವರ ಕಣ್ಣು ತಪ್ಪಿಸಿ ಒಂದಕ್ಷರ ಹೋಗಲ್ಲ ಅಂದ್ರು."

"ನಾನು ಬರೀ ಕಾಗುಣಿತ ನೋಡಿದ್ದಮ್ಮಾ."

"ಅದು ಅವರಿಗೆ ಹೇಗೆ ಗೊತ್ತಾಗ್ಬೇಕು?"

ಮೇಷ್ಟ್ರು ಮನೆಗೆ ಬಂದವರೇ ಗುಂಪಿನಲ್ಲಿ ಬರೆದರು: ಆ ಸಂದೇಶ ಸುಳ್ಳು, ಯಾರೂ ಮಾತ್ರೆ ಬಿಡಬೇಡಿ, ಬೈಂಡರ್ ಹಾಸಿಗೆ ಹಿಡಿಯಲು ನಾನೇ ಕಾರಣ. ಸ್ವಲ್ಪ ಹೊತ್ತಿಗೆ ಹನ್ನೊಂದು ಜನ ಕೈಮುಗಿದ ಚಿತ್ರ ಹಾಕಿದರು. ಹನ್ನೆರಡನೆಯವರು ಪಾರ್ಶ್ವವಾಯುವಿಗೆ ಎಣ್ಣೆ ತಿಕ್ಕುವ ವಿಧಾನವೊಂದನ್ನು ಕಳಿಸಿ, "ಮೇಷ್ಟ್ರೇ, ಇದನ್ನೊಂದು ಸಲ ತಿದ್ದಿಕೊಡಿ" ಎಂದರು.

ಮೇಷ್ಟ್ರು ಗುಂಪಿನಿಂದ ಹೊರಬಂದರು. ಯಾರೂ ಯಾಕೆಂದು ಕೇಳಲಿಲ್ಲ.

ಬೈಂಡರ್ ಮನೆಗೆ ಬಂದ ದಿನ, ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಮೇಷ್ಟ್ರು ದಪ್ಪಕ್ಷರದಲ್ಲಿ ಚೀಟಿ ಬರೆದುಕೊಟ್ಟರು. ಬೈಂಡರ್ ಹೆಂಡತಿ ಅದರ ಫೋಟೊ ತೆಗೆದು ಆಸ್ಪತ್ರೆಯ ನರ್ಸ್‌ಗೆ ಕಳಿಸಿದರು. ಸರಿಯಿದೆ ಎಂದು ಉತ್ತರ ಬಂದ ಮೇಲೆಯೇ ಗೋಡೆಗೆ ಅಂಟಿಸಿದರು. ಅಲ್ಲಿಯವರೆಗೆ ಮೇಷ್ಟ್ರು ಗೋಂದಿನ ಡಬ್ಬಿ ಹಿಡಿದು ನಿಂತೇ ಇದ್ದರು.