ಅರ್ಧ ಗಡ್ಡದ ಚೀಟಿ

ಆ ದಿನ ಬೆಳಿಗ್ಗೆ ಅವಳು ಗಂಡನ ಬಲಗೆನ್ನೆಯನ್ನಷ್ಟೇ ಬೋಳಿಸಿ ಕತ್ತಿ ಮಡಚಿಟ್ಟಳು. ಅವನದು ಕಟಿಂಗ್ ಅಂಗಡಿ. ಊರವರ ಮುಖವನ್ನೆಲ್ಲ ನುಣ್ಣಗೆ ಮಾಡುವವನಿಗೆ ತನ್ನ ಗಡ್ಡಕ್ಕೆ ಮಾತ್ರ ಹೆಂಡತಿಯೇ ಬೇಕು.

"ಎಡಗಡೆ?" ಅಂದ.

"ರಕ್ತ ಕೊಟ್ಟು ಚೀಟಿ ತನ್ನಿ. ಆಮೇಲೆ."

"ನಾನು ಕಲಿಸಿದ ವಿದ್ಯೆ ನನ್ನ ಮೇಲೇನಾ?"

ವಿದ್ಯೆ ಅವನದೇ. ಪಕ್ಕದ ಆರೋಗ್ಯ ಕೇಂದ್ರದಲ್ಲಿ ಬಿಪಿ ನೋಡುವ ಮೇಜಿನಲ್ಲೇ ಲಿವರ್ ತಿನ್ನುವ ಹೆಪಟೈಟಿಸ್ ಸಿ ಕಾಯಿಲೆಯ ಪರೀಕ್ಷೆ ಶುರುವಾದಾಗ ಒಂದು ನರಪಿಳ್ಳೆಯೂ ಹೋಗಲಿಲ್ಲ. ನರ್ಸಮ್ಮ ಅಂಗಡಿಗೇ ಬಂದರು.

"ಜೊತೆಗೆ ಉಂಡರೆ ಬರಲ್ಲಪ್ಪಾ. ರಕ್ತಕ್ಕೆ ರಕ್ತ ತಾಗಿದರೆ ಬರುತ್ತೆ. ಸೂಜಿ, ಬ್ಲೇಡು. ಬೇಗ ಗೊತ್ತಾದರೆ ಮೂರು ತಿಂಗಳು ಮಾತ್ರೆ, ವಾಸಿ."

ಬ್ಲೇಡು ಅಂದದ್ದೇ ತಡ, ಅವನ ಮುಖ ಬಿಳಿಚಿಕೊಂಡಿತು. ಮಾರನೆಯ ದಿನದಿಂದ ಗಿರಾಕಿಗೊಂದು ಹೊಸ ಬ್ಲೇಡು. ಅರ್ಧ ಗಡ್ಡ ಬೋಳಿಸಿ ಕೇಂದ್ರಕ್ಕೆ ಅಟ್ಟುವುದು, ಪರೀಕ್ಷೆ ಆಯಿತೆಂಬ ಚೀಟಿ ತಂದರೆ ಉಳಿದರ್ಧ. ಫಲಿತಾಂಶ ಮಾತ್ರ ನರ್ಸಮ್ಮ ಒಳಕೋಣೆಯಲ್ಲಿ ಅವರವರಿಗೇ ಹೇಳುತ್ತಿದ್ದರು. ನಿವೃತ್ತ ಹೆಡ್‌ಮಾಸ್ಟರು ಕೊರಳಿಗೆ ಟವೆಲ್ ಸುತ್ತಿಕೊಂಡೇ ಸಾಲಿನಲ್ಲಿ ನಿಂತು ಹಲ್ಲು ಕಡಿದರು.

ಊರಿಗೆಲ್ಲ ಚೀಟಿ ತರಿಸಿದವನು ತಾನು ಹೋಗಲಿಲ್ಲ. "ಅಂಗಡಿ ಬಿಟ್ಟು ಅಷ್ಟು ದೂರ ಹೆಂಗೆ ಹೋಗಲಿ?" ಅನ್ನುತ್ತಿದ್ದ. ದೂರ ಇಪ್ಪತ್ತು ಹೆಜ್ಜೆ. ಹಿಂದೆಲ್ಲ ಒಂದೇ ಬ್ಲೇಡಿನಲ್ಲಿ ಹತ್ತು ಕೆನ್ನೆ ಬೋಳಿಸಿದ್ದ. ಅದೇ ಬ್ಲೇಡಿನಲ್ಲಿ ತನ್ನ ಹೆಬ್ಬೆರಳನ್ನೂ ಕೊಯ್ದುಕೊಂಡಿದ್ದ. ಅವನ ಹೆದರಿಕೆ ಅವಳಿಗೆ ಗೊತ್ತಿತ್ತು.

ಆ ದಿನ ಎಡಗೆನ್ನೆಗೆ ಟವೆಲ್ ಒತ್ತಿಕೊಂಡು ಹೋದ. ಸಾಲಿಗೆ ಸಾಲೇ ಬಿದ್ದು ಬಿದ್ದು ನಕ್ಕಿತು. ಬೆರಳಿಗೆ ಚುಚ್ಚಿದಾಗ ಅವನು "ಅಯ್ಯಮ್ಮಾ" ಅಂದದ್ದು ಅಂಗಡಿಗೇ ಕೇಳಿಸಿತು. ಚೀಟಿ ತಂದ. ಅವಳು ಎಡಗಡೆಯನ್ನೂ ಬೋಳಿಸಿದಳು. ಇಬ್ಬರೂ ಹೊಟ್ಟೆ ತುಂಬ ಉಂಡು ಮಲಗಿದರು.

ಮಾರನೆಯ ದಿನ ನರ್ಸಮ್ಮ ಒಳಕ್ಕೆ ಕರೆದರು. ಕಾಯಿಲೆ ಇತ್ತು. ಲಿವರ್ ಆಗಲೇ ಹಾಳಾಗಿದೆ ಅಂದರು ದೊಡ್ಡ ಆಸ್ಪತ್ರೆಯಲ್ಲಿ. ಮಾತ್ರೆ ನುಂಗಿದ. ಐದು ತಿಂಗಳಿಗೆ ತೀರಿಹೋದ. ಅವಳ ರಕ್ತವನ್ನೂ ನೋಡಿದ್ದರು, ಏನೂ ಇರಲಿಲ್ಲ.

"ಹೋದ ವರ್ಷವೇ ಅರ್ಧ ಬೋಳಿಸಬೇಕಿತ್ತು ಕಣೇ," ಅಂದಿದ್ದ ಕೊನೆಯ ದಿನಗಳಲ್ಲಿ, ನಗುತ್ತಾ. ಅವಳಿಗೆ ನಗು ಬಂದಿರಲಿಲ್ಲ.

ಈಗ ಅಂಗಡಿಯ ಕತ್ತಿ ಅವಳ ಕೈಯಲ್ಲಿ. ಬೆಳಿಗ್ಗೆ ಎದ್ದವಳೇ ಹಿಂದಿನ ದಿನ ಬಳಸಿದ ಬ್ಲೇಡುಗಳ ಡಬ್ಬಿಯನ್ನು ಸುರಿದು ಬರಲು ಕೇಂದ್ರಕ್ಕೆ ಒಯ್ಯುತ್ತಾಳೆ.

"ಇವತ್ತು ಎಷ್ಟು ಅರ್ಧ ಗಡ್ಡ ಅಕ್ಕಾ?" ಅನ್ನುತ್ತಾರೆ ನರ್ಸಮ್ಮ.

"ಚೀಟಿ ಇಲ್ಲದವರೆಲ್ಲ."

ಖಾಲಿ ಡಬ್ಬಿ ತಂದಿಟ್ಟು, ಕನ್ನಡಿ ಒರೆಸಿ, ಹೊಸ ಬ್ಲೇಡಿನ ಕಾಗದ ಬಿಚ್ಚುತ್ತಾಳೆ.