ಬಣ್ಣ ನೋಡಬೇಕಾದ್ದು ಬಿಸಿಲಲ್ಲಿ

ನಮ್ಮಪ್ಪ ಮನೆಗಳಿಗೆ ಬಣ್ಣ ಬಳಿಯುವವರು. ಕೆಲಸದಲ್ಲಿ ಅವರನ್ನು ಮೀರಿಸುವವರಿಲ್ಲ, ಬಾಯಲ್ಲಂತೂ ಇಲ್ಲವೇ ಇಲ್ಲ. ಗಿರಾಕಿಗಳು ದೀಪದ ಕೆಳಗೆ ಬಣ್ಣ ಆರಿಸಲು ಹೊರಟರೆ ಸಾಕು, ಡಬ್ಬಿ ಸಮೇತ ಅವರನ್ನು ಹೊರಗೆಳೆದು, ಬಣ್ಣವನ್ನು ಬಿಸಿಲಲ್ಲಿ ನೋಡಬೇಕೆಂದು ಪಾಠ ಹೇಳುತ್ತಿದ್ದರು.

ನಾನು ಬಸುರಿ ಎಂದು ತಿಳಿದದ್ದೇ ತಡ, ಹಿಂದಿನ ಕೋಣೆಗೆ ಹಳದಿ ಬಳಿದರು. ಪರದೆಯೂ ಹಳದಿ. ಮಗಳು ಹುಟ್ಟಿದ ಎರಡನೇ ದಿನ ಅಲ್ಲಿಗೇ ಬಂದೆವು. ನಾಲ್ಕನೇ ದಿನ ತಪಾಸಣೆಗೆ ತಪ್ಪದೆ ಕರೆತನ್ನಿ ಎಂದು ದಾದಿ ಚೀಟಿ ಕೊಟ್ಟಿದ್ದರು.

ಆ ದಿನ ಅಪ್ಪ ಅಡ್ಡ ಹಾಕಿದರು. ಕೂಸು ಗುಂಡುಕಲ್ಲಿನ ಹಾಗಿದೆ, ಅಳುವುದಿಲ್ಲ, ಚಿನ್ನದಂಥ ಮೈಬಣ್ಣ. ಆಸ್ಪತ್ರೆಗೆ ಒಯ್ದು ಇಲ್ಲದ ರೋಗ ಅಂಟಿಸಿಕೊಂಡು ಬರಬೇಕೇ ಎಂದು ವಾದ. ನನಗೋ ಕೂಸು ಅಳದಿರುವುದೇ ಚಿಂತೆ: ಬೆಳಗಿನಿಂದ ಹಾಲಿಗೂ ಏಳುತ್ತಿರಲಿಲ್ಲ. ಅವರ ಮಗಳಲ್ಲವೇ, ಕೋಪ ನನಗೂ ಮೂಗಿನ ತುದಿಯಲ್ಲೇ.

"ಚೆನ್ನಾಗಿದ್ರೆ ಚೆನ್ನಾಗಿದೆ ಅಂತ ಅವರೇ ಹೇಳ್ಲಿ, ಅಪ್ಪ. ನೀವು ಗೋಡೆ ಡಾಕ್ಟರು, ಮಕ್ಕಳ ಡಾಕ್ಟರಲ್ಲ."

ಗೊಣಗುತ್ತಲೇ ಕೂಸನ್ನು ಎತ್ತಿಕೊಂಡು ಹೊರಬಾಗಿಲು ದಾಟಿದವರು ಮೆಟ್ಟಿಲ ಮೇಲೆ ನಿಂತುಬಿಟ್ಟರು. ಬಿಸಿಲಲ್ಲಿ ಕೂಸಿನ ಮುಖ, ಎದೆ, ಕಣ್ಣಿನ ಬಿಳಿ, ಎಲ್ಲ ಹಳದಿ. ಆ ಹಳದಿ ಕೋಣೆಯಲ್ಲಿ ನಮಗದು ಕಂಡೇ ಇರಲಿಲ್ಲ. ನಾನು ಚಪ್ಪಲಿ ಮೆಟ್ಟುವುದಕ್ಕೂ ಕಾಯದೆ ಅಪ್ಪ ಗಾಡಿಯನ್ನು ಕೂಗಿ ಕರೆದರು.

ರಕ್ತಪರೀಕ್ಷೆಯಲ್ಲಿ ಕಾಮಾಲೆ ವಿಪರೀತ ಏರಿತ್ತು. ಎಷ್ಟೋ ಕೂಸುಗಳಿಗೆ ತಾನಾಗಿ ಇಳಿಯುತ್ತದೆ, ಇದು ಹಾಗೆ ಬಿಡುವಂಥದ್ದಲ್ಲ, ತಡವಾಗಿದ್ದರೆ ಮಿದುಳಿಗೆ ತಾಗಬಹುದಿತ್ತು ಎಂದರು ಡಾಕ್ಟರಮ್ಮ. ಕೂಸಿನ ಕಣ್ಣಿಗೆ ಪಟ್ಟಿ ಕಟ್ಟಿ, ಗಾಜಿನ ಪೆಟ್ಟಿಗೆಯಲ್ಲಿ ಕಾಮಾಲೆ ಇಳಿಸುವ ನೀಲಿ ದೀಪದ ಕೆಳಗೆ ಮಲಗಿಸಿದರು. ಅಪ್ಪ ಆ ಗಾಜಿನ ಮುಂದಿನಿಂದ ಕದಲಲಿಲ್ಲ. ಮೂರನೆಯ ಬೆಳಿಗ್ಗೆ ಕೂಸು ಹಸಿವಿಗೆ ಸೂರು ಹಾರಿಹೋಗುವಂತೆ ಅತ್ತಾಗ ಅವರೂ ಅತ್ತರು.

"ದೀಪದ ಬುಡದಲ್ಲೇ ಕತ್ತಲೆ ಅಂತಾರಲ್ಲ, ಹಾಗಾಯ್ತು ಮಗಳೇ. ಊರಿಗೆಲ್ಲ ಬಿಸಿಲಲ್ಲಿ ನೋಡಿ ಅಂದೆ, ಮೊಮ್ಮಗಳನ್ನ ನೋಡ್ಲಿಲ್ಲ."

ಮನೆಗೆ ಬಂದವರೇ ನಮ್ಮನ್ನು ಮುಂದಿನ ಕೋಣೆಗೆ ಸಾಗಿಸಿ, ಹಿಂದಿನದಕ್ಕೆ ಬಿಳಿ ಬಳಿದರು. ಈಗ ಮಗುವಿನ ಕೋಣೆಗೆ ಬಣ್ಣ ಕೇಳಿ ಬಂದವರನ್ನು, ತಪಾಸಣೆಗೆ ಯಾವತ್ತು ಕರೆದಿದ್ದಾರೆ ಎಂದು ಮೊದಲು ವಿಚಾರಿಸುತ್ತಾರೆ. ಕೆಲವರು ನಗುತ್ತಾರೆ. ನಗಲಿ, ದಿನ ಹೇಳುವವರೆಗೆ ಅಪ್ಪ ಬ್ರಷ್ಷು ಮುಟ್ಟುವುದಿಲ್ಲ.

ಮಗಳಿಗೀಗ ನಾಲ್ಕು ವರ್ಷ, ಬಾಯಿ ತಾತನದೇ. ಕಳೆದ ವಾರ ತನ್ನ ಕೋಣೆಗೆ ಹಳದಿಯೇ ಬೇಕೆಂದು ಹಟ ಹಿಡಿದಳು. ಅಪ್ಪ ಏನೇನೋ ನೆಪ ಹೇಳಿ ಜಾರಿಕೊಂಡರು, ಕೊನೆಗೆ ಸೋತು ಡಬ್ಬಿ ತಂದರು. ಅವಳನ್ನು ಎತ್ತಿಕೊಂಡು ಹೊರಗಿನ ಮೆಟ್ಟಿಲಿಗೆ ಹೋಗಿ, ಮುಖವನ್ನು ಬಿಸಿಲಿಗೆ ತಿರುಗಿಸಿ ನೋಡಿದರು. ಆಮೇಲೆ ಒಳಗೆ ಬಂದು ಮುಚ್ಚಳ ತೆಗೆದರು.